ಸಿನಿಮಾ ಮುಗಿದ ಮೇಲೆ ಆಡುವ ಮಾತು

ಸಿನಿಮಾ ಮುಗಿಯುತ್ತದೆ. ಯಾರೋ ಎದ್ದು ಟಿ.ವಿ. ಆರಿಸುತ್ತಾರೆ, ಯಾರೋ ಹಾಸಿಗೆ ಹಾಸಲು ಹೋಗುತ್ತಾರೆ. ಆ ನಡುವೆ ಒಂದೆರಡು ಮಾತು ಬಂದೇ ಬರುತ್ತದೆ. "ಪರವಾಗಿಲ್ಲ", "ಎರಡು ಗಂಟೆ ದಂಡ", "ಹಾಡು ಚೆನ್ನಾಗಿತ್ತು", "ಈ ಜನ ಇರೋದೇ ಹಾಗೆ". ಮರುದಿನ ನಲ್ಲಿಯ ಹತ್ತಿರ, ಅಂಗಡಿ ಕಟ್ಟೆಯ ಮೇಲೆ, ಬೆಂಗಳೂರಿನ ಬಸ್ಸಿನಲ್ಲಿ ಅದೇ ಮಾತು ಇನ್ನೊಬ್ಬರ ಕಿವಿಗೆ ಬೀಳುತ್ತದೆ. ಇಂಥ ಸಣ್ಣ ಮಾತಿನಲ್ಲಿ ಸರಿ ತಪ್ಪು ನೋಡುವುದೇನಿದೆ ಎಂದು ಕೇಳಬಹುದು. ನಾವೂ ಬಹುಕಾಲ ಹಾಗೆಯೇ ಅಂದುಕೊಂಡಿದ್ದೆವು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ನಮಗೆ ಸಿನಿಮಾ ಎಂದರೆ ಒಂದೇ ಭಾಷೆಯದಲ್ಲ. ಕೋಲಾರದಿಂದ ಬೇರೆಯಾಗಿ 2007ರಲ್ಲಿ ಜಿಲ್ಲೆಯಾದ ಈ ಸೀಮೆಯಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಕೇಳುತ್ತವೆ. ಹಿಂದೆ ನಾಲ್ಕು ಮನೆಯವರು ದುಡ್ಡು ಸೇರಿಸಿ ವಿ.ಸಿ.ಆರ್. ಬಾಡಿಗೆಗೆ ತರುತ್ತಿದ್ದರು. ಆಮೇಲೆ ಕೇಬಲ್ ಬಂತು, ಸಿ.ಡಿ. ಬಂತು. 2020ರ ಲಾಕ್‌ಡೌನ್‌ನಲ್ಲಿ 'ಲಾ', 'ಫ್ರೆಂಚ್ ಬಿರಿಯಾನಿ'ಯಂಥ ಕನ್ನಡ ಚಿತ್ರಗಳು ಚಿತ್ರಮಂದಿರಕ್ಕೆ ಹೋಗದೆ ನೇರವಾಗಿ ಮನೆಗೇ ಬಂದವು. ಈಗ ಮನೆಯ ಮೂಲೆಯಲ್ಲಿ ಒಬ್ಬೊಬ್ಬರೇ ಕುಳಿತು ಫೋನಿನಲ್ಲಿ ನೋಡುತ್ತೇವೆ. ಸಿನಿಮಾ ನೋಡಬಹುದೇ, ನೋಡಬಾರದೇ ಎಂಬ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆ ಇಲ್ಲಿ ಬೇಡ. ನೋಡುತ್ತಿದ್ದೇವೆ ಎಂಬುದು ವಾಸ್ತವ. ನೋಡಿದ ಮೇಲೆ ಏನು ಮಾತಾಡುತ್ತೇವೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಈ ಪ್ರಶ್ನೆ ನಮಗೆ ಎದುರಾದದ್ದು ಎರಡು ಸಂದರ್ಭಗಳಲ್ಲಿ. ಮೊದಲನೆಯದು ನಮ್ಮ ಪಕ್ಕದ ಮನೆಯ ಅಕ್ಕ ಕೇಳಿದ ಮಾತು. "ಬೇಜಾರು ಮಾಡ್ಕೋಬೇಡಿ ಆಪಾ, ನಿನ್ನೆ ಸಿನಿಮಾದಲ್ಲಿ ನೋಡಿದ್ವಿ. ನಿಮ್ಮ ಜನ ಮನೇಲಿ ಹೆಣ್ಣುಮಕ್ಕಳನ್ನ ಹಂಗೇನಾ ಇಟ್ಕೊಳ್ಳೋದು?" ಆ ಅಕ್ಕನ ಮನಸ್ಸು ಕೆಟ್ಟದ್ದಲ್ಲ. ಹನ್ನೆರಡು ವರ್ಷದಿಂದ ಯುಗಾದಿಯ ಹೋಳಿಗೆ ನಮ್ಮ ಮನೆಗೆ ಬರುತ್ತದೆ, ಈದ್‌ನ ಶೀರ್ ಖುರ್ಮಾ ಅವರ ಮನೆಗೆ ಹೋಗುತ್ತದೆ. ನಮ್ಮ ಹೆಣ್ಣುಮಕ್ಕಳು ಕಾಲೇಜಿಗೆ ಹೋಗುವುದನ್ನೂ, ಅಪ್ಪನ ಎದುರು ನಿಂತು ವಾದ ಮಾಡುವುದನ್ನೂ ಅವರು ದಿನಾ ನೋಡುತ್ತಾರೆ. ಆದರೂ ಹನ್ನೆರಡು ವರ್ಷ ಕಣ್ಣಾರೆ ಕಂಡದ್ದಕ್ಕಿಂತ ಎರಡೂವರೆ ಗಂಟೆ ಪರದೆಯಲ್ಲಿ ಕಂಡದ್ದು ಅವರಿಗೆ ದೊಡ್ಡದಾಗಿ ಕಂಡಿತು. ನಮಗೆ ನೋವಾಯಿತು. ಸಿನಿಮಾದವರನ್ನು ಬೈದೆವು, ಅಕ್ಕನನ್ನೂ ಮನಸ್ಸಿನಲ್ಲೇ ಸ್ವಲ್ಪ ಬೈದೆವು.

ಎರಡನೆಯದು ನಮ್ಮದೇ ಮನೆಯೊಳಗೆ ನಡೆದದ್ದು. ಮನೆಯ ಹುಡುಗನೊಬ್ಬನಿಗೆ ಹಿಂದೂಪುರದ ಕಡೆಯಿಂದ ಸಂಬಂಧ ಬಂದಿತ್ತು. ಮೇಷ್ಟರೊಬ್ಬರ ಮಗಳು, ಓದಿದ ಹುಡುಗಿ. ಹಿರಿಯರೊಬ್ಬರು ತಟ್ಟನೆ ಹೇಳಿದರು: "ರಾಯಲಸೀಮೆಯವರಾ? ಬೇಡಪ್ಪ. ಮಾತು ಮಾತಿಗೂ ಮಚ್ಚು ತೆಗೀತಾರೆ." ಎಲ್ಲರೂ ನಕ್ಕರು. ನಗುತ್ತಲೇ ಆ ಮಾತು ಅಲ್ಲಿಗೆ ನಿಂತಿತು, ಸಂಬಂಧವೂ ನಿಂತಿತು. ಹಿಂದೂಪುರ ಗೌರಿಬಿದನೂರಿಗೆ ಎಷ್ಟು ದೂರ? ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಆದರೆ ನಮ್ಮಲ್ಲಿ ಒಬ್ಬರೂ ಹೋಗಿ ಆ ಮನೆ ನೋಡಿ ಬರಲಿಲ್ಲ. ನಮಗೆ ಆ ಸೀಮೆಯ ಪರಿಚಯವಾದದ್ದು 'ಸಮರಸಿಂಹ ರೆಡ್ಡಿ' (1999), 'ಇಂದ್ರ' (2002) ಮುಂತಾದ ತೆಲುಗು ಚಿತ್ರಗಳಿಂದ. ಹಾರುವ ಜೀಪು, ಸಿಡಿಯುವ ಬಾಂಬು, ಕೈಯಲ್ಲಿ ಮಚ್ಚು. ಆ ಸೀಮೆಯಲ್ಲಿ ಫ್ಯಾಕ್ಷನ್ ಜಗಳಗಳೇ ಇರಲಿಲ್ಲವೆಂದಲ್ಲ. ಆದರೆ ನೆಲಗಡಲೆ ಬೆಳೆದು, ಮಳೆಗೆ ಕಾದು, ಮಕ್ಕಳನ್ನು ಓದಿಸುವ ಲಕ್ಷಾಂತರ ಜನ ಆ ಸಿನಿಮಾಗಳ ಚೌಕಟ್ಟಿನೊಳಗೆ ಬರಲೇ ಇಲ್ಲ. ಆ ಹುಡುಗಿಗೆ ತನ್ನನ್ನು ಯಾಕೆ ಬೇಡವೆಂದರು ಎಂದು ಗೊತ್ತೇ ಆಗಲಿಲ್ಲ.

ಅಕ್ಕನ ಮಾತಿನಿಂದ ನೊಂದಿದ್ದ ನಾವೇ ಅದನ್ನು ಇನ್ನೊಬ್ಬರಿಗೆ ಮಾಡಿದ್ದೆವು. ಅಕ್ಕ ಕಡೇ ಪಕ್ಷ ನಮ್ಮನ್ನು ಕೇಳಿದ್ದರು. ನಾವು ಕೇಳಲೂ ಇಲ್ಲ.

ಹಾಗಾದರೆ ಸಿನಿಮಾ ನೋಡಿ ಅಭಿಪ್ರಾಯವನ್ನೇ ಹೇಳಬಾರದೇ? ಹಾಗಲ್ಲ. ನಾವು ಅಭಿಪ್ರಾಯ ಎಂದು ಕರೆಯುವುದರಲ್ಲಿ ಮೂರು ಬೇರೆ ಬೇರೆ ಮಾತುಗಳು ಸೇರಿಕೊಂಡಿವೆ. "ನನಗೆ ಹಿಡಿಸಿತು, ಹಿಡಿಸಲಿಲ್ಲ" ಎಂಬುದು ನಮ್ಮ ಬಗ್ಗೆ ನಾವೇ ಹೇಳುವ ಮಾತು. ಅದಕ್ಕೆ ಸಾಕ್ಷಿ ಬೇಡ, ಜಗಳವೂ ಬೇಡ. "ಸಿನಿಮಾ ಕೆಟ್ಟದಾಗಿದೆ" ಎಂಬುದು ಹಲವರು ದುಡಿದು ಮಾಡಿದ ಕೆಲಸದ ಬಗ್ಗೆ ಹೇಳುವ ಮಾತು. ಅದನ್ನು ಹೇಳುವವರು ಪೂರ್ತಿ ನೋಡಿರಬೇಕು. ಮನೆಯಲ್ಲಿ ನಾವು ಪೂರ್ತಿ ನೋಡುವುದೇ ಅಪರೂಪ. ನಡುವೆ ಒಲೆಯ ಮೇಲೆ ಹಾಲು ಉಕ್ಕುತ್ತದೆ, ನೆಂಟರು ಬರುತ್ತಾರೆ, ಕರೆಂಟು ಹೋಗುತ್ತದೆ, ಫೋನಿನಲ್ಲಾದರೆ ಬೆರಳಲ್ಲೇ ಮುಂದಕ್ಕೆ ಓಡಿಸುತ್ತೇವೆ. ಮೂರನೆಯದು "ಈ ಜನ ಇರೋದೇ ಹಾಗೆ" ಎಂಬುದು. ಇದು ಸಿನಿಮಾದ ಮಾತೇ ಅಲ್ಲ. ನಾವು ಕಾಣದ ಮನುಷ್ಯರ ವಿರುದ್ಧ ನಾವು ನುಡಿಯುವ ಸಾಕ್ಷ್ಯ. ಮೊದಲ ಎರಡರ ಹಗುರ ದನಿಯಲ್ಲೇ ಇದನ್ನೂ ಹೇಳಿಬಿಡುತ್ತೇವೆ. ತಪ್ಪಾಗುವುದು ಇಲ್ಲಿಯೇ.

ಅರಿವಿಲ್ಲದ ವಿಷಯದ ಬೆನ್ನು ಹತ್ತಬೇಡಿ, ಕಿವಿ, ಕಣ್ಣು, ಹೃದಯ ಇವೆಲ್ಲದರ ಬಗ್ಗೆಯೂ ವಿಚಾರಣೆಯಿದೆ ಎಂಬರ್ಥದ ಎಚ್ಚರಿಕೆ ಪವಿತ್ರ ಕುರ್‌ಆನ್‌ನ 17ನೇ ಅಧ್ಯಾಯದ 36ನೇ ಸೂಕ್ತದಲ್ಲಿದೆ. 49ನೇ ಅಧ್ಯಾಯವು ಒಂದು ಜನರು ಇನ್ನೊಂದು ಜನರನ್ನು ಗೇಲಿ ಮಾಡುವುದನ್ನೂ, ಅತಿಯಾದ ಗುಮಾನಿಯನ್ನೂ ತಡೆಯುತ್ತದೆ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬ ಮನುಷ್ಯ ಸುಳ್ಳುಗಾರನಾಗಲು ಸಾಕು ಎಂಬ ಅರ್ಥದ ಪ್ರವಾದಿ(ಸ) ವಚನವೂ ಇದೆ. ಇವನ್ನು ನಾವು ನೆರೆಯವರ ಚಾಡಿಗೆ ಅನ್ವಯಿಸಿಕೊಳ್ಳುತ್ತೇವೆ. ಸಿನಿಮಾ ನೋಡಿ ಆಡುವ ಮಾತಿಗೆ ಅನ್ವಯಿಸಿಕೊಳ್ಳುವುದಿಲ್ಲ. ಈ ಎಚ್ಚರ ಮುಸ್ಲಿಮರ ಸೊತ್ತೂ ಅಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಡಾ. ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಜೀವನವಿಡೀ ಹೇಳಿದರು. ಧರ್ಮದ ವಿಷಯದಲ್ಲಿ ಅವರ ದಾರಿ ಬೇರೆ, ನಮ್ಮದು ಬೇರೆ. ಆದರೆ ಪರೀಕ್ಷಿಸದೆ ಮಾತಾಡಬೇಡ ಎನ್ನುವಲ್ಲಿ ಎರಡು ದಾರಿಯೂ ಸೇರುತ್ತವೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಸಿನಿಮಾದಿಂದ ಜನರ ಬಗ್ಗೆ ಏನೂ ತಿಳಿಯುವುದೇ ಇಲ್ಲವೇ? ತಿಳಿಯುತ್ತದೆ. ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ನೋಡಿದವರಿಗೆ ಇದು ಗೊತ್ತು. ವೈದೇಹಿಯವರ ಕತೆಯನ್ನು ಆಧರಿಸಿದ ಈ ಚಿತ್ರದಲ್ಲಿ ಉಮಾಶ್ರೀಯವರು ಸೂಲಗಿತ್ತಿ ಗುಲಾಬಿಯಾಗಿದ್ದಾರೆ. ಒಂದು ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಟಿ.ವಿ. ಸಿಗುತ್ತದೆ, ಕೇರಿಯ ಹೆಂಗಸರು ಅವಳ ಮನೆಗೆ ನೋಡಲು ಬರುತ್ತಾರೆ. ಕಾರ್ಗಿಲ್ ಯುದ್ಧದ ದಿನಗಳು ಬಂದಾಗ ಅದೇ ಕೇರಿಗೆ ಅವಳು ನೆರೆಯವಳಾಗಿ ಉಳಿಯದೆ ಬರೀ ಮುಸ್ಲಿಮಳಾಗುತ್ತಾಳೆ. ಒಂದೇ ಟಿ.ವಿ. ಮುಂದೆ ಕುಳಿತವರೂ ಒಬ್ಬರನ್ನೊಬ್ಬರು ಅರಿಯದೆ ಹೋಗಬಹುದು ಎಂದು ಆ ಚಿತ್ರ ತೋರಿಸಿತು. ಇಂಥ ಚಿತ್ರ ತೀರ್ಪನ್ನು ನಮ್ಮ ಕೈಗೆ ಕೊಡುವುದಿಲ್ಲ, ನಮ್ಮ ಪಕ್ಕದ ಮನೆಯತ್ತ ಒಮ್ಮೆ ತಿರುಗಿ ನೋಡುವಂತೆ ಮಾಡುತ್ತದೆ.

ಕೆಲವು ಚಿತ್ರಗಳು ನಮ್ಮ ಮನೆಯ ಕಡೆಗೇ ತಿರುಗುತ್ತವೆ. ಆಗ ನಮ್ಮ ಪರೀಕ್ಷೆ ಇನ್ನೂ ಕಷ್ಟದ್ದು. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆಯನ್ನು ಆಧರಿಸಿದ 'ಹಸೀನಾ' (2004) ಗಂಡ ಕೈಬಿಟ್ಟ ಹೆಣ್ಣೊಬ್ಬಳು ಜಮಾಅತ್ತಿನ ಮುಂದೆ ನ್ಯಾಯ ಕೇಳುವ ಚಿತ್ರ. ಇಂಥದ್ದನ್ನು ನೋಡಿದಾಗ "ನಮ್ಮ ಮಾನ ಕಳೆದರು" ಎಂದು ಹೇಳುವವರಿದ್ದಾರೆ. ಆ ನೋವು ಸುಳ್ಳಲ್ಲ. ಇದನ್ನೇ ಹಿಡಿದು "ಇವರೆಲ್ಲ ಹೀಗೇ" ಎನ್ನುವವರು ಇದ್ದೇ ಇರುತ್ತಾರೆ. ಆದರೆ ಅವರ ತಪ್ಪನ್ನು ನಮ್ಮ ಉತ್ತರವನ್ನಾಗಿ ಮಾಡಿಕೊಳ್ಳಬಾರದು. ನಾವು ಮೊದಲು ಕೇಳಬೇಕಾದದ್ದು, ನಮ್ಮ ಮೊಹಲ್ಲಾದಲ್ಲಿ ಅಂಥ ಹೆಣ್ಣು ಇದ್ದಾಳೆಯೇ, ಅವಳ ಮಾತನ್ನು ಯಾರು ಕೇಳಿಸಿಕೊಂಡರು ಎಂದು. ನಮ್ಮವರ ವಿರುದ್ಧವಾಗಿದ್ದರೂ ನ್ಯಾಯದ ಸಾಕ್ಷ್ಯ ಹೇಳಬೇಕೆಂಬುದೂ ಕುರ್‌ಆನ್‌ನ ಆದೇಶವೇ. ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಗೆ ಅರ್ಥ ಬರಬೇಕಾದರೆ ಆ ಕತೆಗಳು ಕೇಳುವ ಪ್ರಶ್ನೆಗೂ ಕಿವಿಗೊಡಬೇಕು.

ನೋಡುವ ಮೊದಲೇ ತೀರ್ಪು ಕೊಡುವುದು ಹೊಸ ರೋಗವೇನಲ್ಲ. ಮೈಸೂರಿನ ಎಂ.ಎಸ್. ಸತ್ಯು ಅವರು ದೇಶ ವಿಭಜನೆಯ ನಂತರದ ಆಗ್ರಾದ ಮುಸ್ಲಿಂ ಕುಟುಂಬವೊಂದರ ಬಗ್ಗೆ 'ಗರಂ ಹವಾ' ಮಾಡಿದಾಗ ಗಲಭೆಯಾದೀತೆಂಬ ಭಯದಿಂದ ಅದನ್ನು ತಿಂಗಳುಗಟ್ಟಲೆ ತಡೆಯಲಾಗಿತ್ತು. ಕೊನೆಗೆ ಅದು 1974ರಲ್ಲಿ ಮೊದಲು ನಮ್ಮ ಬೆಂಗಳೂರಿನಲ್ಲೇ ತೆರೆಕಂಡಿತು. ಜನ ಕುಳಿತು ನೋಡಿದರು, ಮೆಚ್ಚಿದರು. ಭಯಪಟ್ಟಂಥದ್ದೇನೂ ಆಗಲಿಲ್ಲ. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರ್‌ಗಳನ್ನು ನೋಡಿ. ಮೇಲೆ ಕಾಣುವ ಗೂಡನ್ನಷ್ಟೇ ನೋಡಿ ಯಾರೂ ಬೆಲೆ ಹಾಕುವುದಿಲ್ಲ. ಒಳಕ್ಕೆ ಕೈ ಹಾಕಿ ಹಿಡಿ ಗೂಡು ತೆಗೆದು, ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ತಪ್ಪಿದರೆ ತಮ್ಮ ದುಡ್ಡು ಹೋಗುತ್ತದೆ ಎಂದು ಅವರಿಗೆ ಗೊತ್ತು. ಮನುಷ್ಯರ ಬಗ್ಗೆ ಬೆಲೆ ಕಟ್ಟುವಾಗ ನಾವು ಅಷ್ಟೂ ಮಾಡುವುದಿಲ್ಲ. ಇಲ್ಲಿ ತಪ್ಪಿದರೆ ಹೋಗುವುದು ನಮ್ಮದಲ್ಲ, ಬೇರೆ ಯಾರದೋ ಮಾನ, ಯಾರದೋ ಮಗಳ ಮದುವೆ.

ನಾವು ಮಾತಾಡುವಾಗ ಮಕ್ಕಳು ಅಲ್ಲೇ ಕುಳಿತಿರುತ್ತಾರೆ. ಅವರು ಸಿನಿಮಾದ ಕತೆಯನ್ನು ಮರೆಯಬಹುದು, ಅಪ್ಪ ಅಮ್ಮ ಕೊನೆಯಲ್ಲಿ ಆಡಿದ ಒಂದು ಮಾತನ್ನು ಮರೆಯುವುದಿಲ್ಲ. ಮರುದಿನ ಶಾಲೆಯ ಬೆಂಚಿನಲ್ಲಿ ಪಕ್ಕದವನನ್ನು ಅದೇ ಕಣ್ಣಿನಿಂದ ನೋಡುತ್ತಾರೆ.

ಪಕ್ಕದ ಮನೆಯ ಅಕ್ಕನಿಗೆ ನಾವು ಆ ದಿನ ಉತ್ತರ ಕೊಡದೆ ಒಳಗೆ ಹೋಗಿದ್ದೆವು. ಹಿಂದೂಪುರದ ಸಂಗತಿ ನಡೆದ ಮೇಲೆ ಒಂದು ಸಂಜೆ ಅವರನ್ನು ಕರೆದು ಚಹಾ ಕೊಟ್ಟು, "ಅಕ್ಕಾ, ಆವತ್ತು ಕೇಳಿದಿರಲ್ಲ" ಎಂದು ಮಾತು ತೆಗೆದೆವು. ನಮ್ಮಲ್ಲಿ ಇರುವುದನ್ನು ಇದೆ ಎಂದೆವು, ಇಲ್ಲದ್ದನ್ನು ಇಲ್ಲ ಎಂದೆವು. ನಾವು ಮಾಡಿದ ತಪ್ಪನ್ನೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇಳಿದ್ದೇ ಒಳ್ಳೇದಾಯ್ತು ಬಿಡಿ ಆಪಾ" ಎಂದರು. ನಾವೂ ಹಾಗೆಯೇ ಹಿಂದೂಪುರಕ್ಕೆ ಹೋಗಿ ಕೇಳಬಹುದಿತ್ತು.