ಕುಣಿತದ ಹಾಡು ಮತ್ತು ಮನದ ಉನ್ನತಿ

ಕೇಳಿದೊಡನೆ ಕಾಲನ್ನು ಕುಣಿಸುವ ಹಾಡು ಮನುಷ್ಯನನ್ನು ಮೇಲಕ್ಕೆತ್ತುವದೋ, ಇಲ್ಲವೆ ಕ್ಷಣಹೊತ್ತು ಮರೆವಿನಲ್ಲಿ ಮುಳುಗಿಸುವದೋ? ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ಕಠೋಪನಿಷತ್ತು ವಿಭಾಗಿಸಿರುವದಷ್ಟೆ. ಆ ವಿಭಾಗವನ್ನು ಮುಂದೆ ಮಾಡಿ ಭಜನೆ ಕೀರ್ತನೆಗಳನ್ನು ಶ್ರೇಯಸ್ಸಿನ ಪಂಕ್ತಿಯಲ್ಲಿ ಕೂಡ್ರಿಸಿ, ಕುಣಿತದ ಹಾಡನ್ನು ಹೊರಜಗಲಿಗೆ ಕಳಿಸುವ ವಾಡಿಕೆಯು ಸುಶಿಕ್ಷಿತ ಮನೆತನಗಳಲ್ಲಿ ಉಂಟು. ಈ ತೀರ್ಪು ನ್ಯಾಯವಾದುದೇ ಎಂಬದನ್ನು ಒಂದು ಉದಾಹರಣೆಯಿಂದ ವಿಚಾರಿಸೋಣ.

1979ರ ಜುಲೈ 12ರಂದು ಅಮೇರಿಕೆಯ ಶಿಕಾಗೋ ನಗರದ ಆಟದ ಬಯಲಿನಲ್ಲಿ, ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ, ಡಿಸ್ಕೋ ರೆಕಾರ್ಡುಗಳ ರಾಶಿಯನ್ನು ಸಿಡಿಮದ್ದಿನಿಂದ ಹಾರಿಸಿದರು. ಜನವು ಬಯಲಿಗೆ ನುಗ್ಗಿ ಎರಡನೆಯ ಪಂದ್ಯವೇ ನಿಂತುಹೋಯಿತು. ಆ ಸಂಗೀತವಾದರೋ ಕಪ್ಪುವರ್ಣದವರು ಮೊದಲಾಗಿ ಸಮಾಜವು ದೂರವಿಟ್ಟ ಹಲವರಿಗೆ ಆಶ್ರಯದ ಛತ್ರವಾಗಿತ್ತು. ದೊಡ್ಡ ಕಂಪನಿಗಳು ಕೈಬಿಟ್ಟವು, ಕುಣಿಯುವವರು ಬಿಡಲಿಲ್ಲ. ನ್ಯೂಯಾರ್ಕಿನ ಪ್ರೆಲ್ಯೂಡ್, ವೆಸ್ಟ್ ಎಂಡ್‌ಗಳಂಥ ಸಣ್ಣ ಕಂಪನಿಗಳು ಮುಂದುವರಿದವು. ದೊಡ್ಡ ವಾದ್ಯವೃಂದದ ಸ್ಥಳದಲ್ಲಿ ಸಿಂಥಸೈಜರು, ತಾಳಯಂತ್ರಗಳು ಬಂದವು. ಡಿ ಟ್ರೇನ್ ಎಂಬ ಜೋಡಿಯು 1982ರಲ್ಲಿ ಹೊರತಂದ ಒಂದು ಹಾಡಿನ ಹೆಸರು ‘ಕೀಪ್ ಆನ್’, ಎಂದರೆ ‘ನಡೆ ಮುಂದೆ’. ಕೆಳಗೆ ಯಂತ್ರದ ತಾಳ, ಮೇಲೆ ಚರ್ಚಿನ ಗಾಯನದ ಧಾಟಿಯ ತುಂಬುಕಂಠ! ಆ ಕಾಲದ ಇಂಥ ರೆಕಾರ್ಡುಗಳ ಆಕರ್ಷಣವು ಈ ಕೂಟದಲ್ಲಿಯೇ ಇದೆ.

ಈ ಗಾಳಿಯು ನಮ್ಮಿಂದ ದೂರದ್ದೆಂದು ತಿಳಿಯಲಾಗದು. ಬೆಂಗಳೂರಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಬಿದ್ದು ಅಪ್ಪಯ್ಯನವರು, 1980ರ ‘ಕುರ್ಬಾನಿ’ ಚಿತ್ರಕ್ಕಾಗಿ ಹದಿನೈದು ವರ್ಷದ ನಾಜಿಯಾ ಹಸನ್‌ಳಿಂದ ಒಂದು ಹಾಡನ್ನು ಹಾಡಿಸಿದರು. 1981ರಲ್ಲಿ ‘ಡಿಸ್ಕೋ ದೀವಾನೆ’ ಬಂದಿತು. ಗಡಿಯ ಎರಡೂ ಕಡೆಯ ಮನೆಗಳು ಒಂದೇ ದನಿಗೆ ತಲೆದೂಗಿದವು.

ಆಕ್ಷೇಪಗಳು ಎರಡು. ಯಂತ್ರದಿಂದ ಹುಟ್ಟಿದ ಸಂತೋಷವು ನಿಜವಾದುದೇ ಎಂಬದು ಮೊದಲನೆಯದು. ವಿಜಯಪುರದ ಗೋಲಗುಮ್ಮಟಕ್ಕೆ ಜೀವವಿಲ್ಲ. ಆದರೂ ಒಬ್ಬನು ಗೋಡೆಗೆ ಆಡಿದ ಪಿಸುಮಾತನ್ನು ಎದುರಿನವನ ಕಿವಿಗೆ ಮುಟ್ಟಿಸುವದು. ಮಾತು ಕಲ್ಲಿನದಲ್ಲ, ಮನುಷ್ಯನದು. ತಾಳಯಂತ್ರವೂ ಹಾಗೆಯೇ, ಅದಕ್ಕೆ ಗತಿಯನ್ನು ಕಟ್ಟಿಕೊಟ್ಟವನು ಮನುಷ್ಯನೇ.

ದುಃಖವನ್ನು ಮರೆಯಿಸುವ ಆನಂದವು ವಂಚನೆಯಲ್ಲವೇ ಎಂಬದು ಎರಡನೆಯದು. ಇದು ಹೆಚ್ಚು ತೂಕದ್ದು. ಇದಕ್ಕೆ ಉತ್ತರವನ್ನು ನಮ್ಮ ಬೀಸುವ ಕಲ್ಲಿನಿಂದಲೇ ಪಡೆಯಬಹುದು. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಈ ಸೀಮೆಯ ಹೆಣ್ಣುಮಕ್ಕಳ ಬಾಯಿಂದ ಬಂದುದು. ತವರಿನ ಅಗಲಿಕೆ, ಬಂಜೆತನದ ನೋವು ಎಲ್ಲವೂ ಅಲ್ಲಿದ್ದರೂ ಕಲ್ಲಿನ ಸುತ್ತು ನಿಲ್ಲುವದಿಲ್ಲ. ಲಯವು ದುಃಖವನ್ನು ಅಳಿಸುವದಿಲ್ಲ. ಅದನ್ನು ಹೊರುವ ತೋಳಿಗೆ ಬಲ ಕೊಡುವದು. ಇಬ್ಬರು ಕೂಡಿ ಬೀಸಿದರೆ ಭಾರವು ಅರ್ಧವಾಗುವದು. ನೂರು ಜನರು ಒಂದೇ ತಾಳಕ್ಕೆ ಹೆಜ್ಜೆಯಿಟ್ಟಾಗ ಆಗುವದೂ ಇದೇ. ಸಿಡಿಮದ್ದಿನ ರಾತ್ರಿಯ ನಂತರವೂ ‘ನಡೆ ಮುಂದೆ’ ಎಂದು ಹಾಡಿದವರಿಗೆ ತಮ್ಮ ನೋವು ಮರೆತಿರಲಿಲ್ಲ. ಮರೆತವರಿಗೆ ಆ ಮಾತಿನ ಅಗತ್ಯವಾದರೂ ಏನು?

ಹಾಗಾದರೆ ಕುಣಿಸುವದೆಲ್ಲವೂ ಉನ್ನತಿಯೇ? ಅಲ್ಲ. ಇಂದು ವಿಜಯಪುರದಲ್ಲಾಗಲಿ, ತಿಕೋಟೆ ಬಬಲೇಶ್ವರಗಳಲ್ಲಾಗಲಿ ಮೆರವಣಿಗೆಯ ಡಿಜೆಯು ರೋಗಿಯ ನಿದ್ರೆಯನ್ನೂ ಕೂಸಿನ ನಿದ್ರೆಯನ್ನೂ ಕೆಡಿಸಿದರೆ, ಕರಡಿ ಮಜಲಿನವನ ಕೈಗೆ ಕೆಲಸವಿಲ್ಲದಂತೆ ಮಾಡಿದರೆ, ಅಲ್ಲಿ ಕೆಲವರ ಹಿಗ್ಗಿಗೆ ಉಳಿದವರು ತೆರಿಗೆ ತೆತ್ತಂತಾಗುವದು. ಇನ್ನೊಂದು ಓಣಿಯವರನ್ನು ಕೆಣಕುವದಕ್ಕೆಂದೇ ಹಚ್ಚಿದ ಹಾಡಂತೂ ಶಿಕಾಗೋದ ಸಿಡಿಮದ್ದಿನ ತಮ್ಮನೇ ಸರಿ. ದೋಷವು ತಾಳದಲ್ಲಿಲ್ಲ, ಯಂತ್ರದಲ್ಲಿಲ್ಲ. ತನ್ನ ಕುಣಿತದಲ್ಲಿ ನೆರೆಯವನಿಗೆ ಎಡೆಯಿಲ್ಲವೆನ್ನುವ ಮನಸ್ಸಿನಲ್ಲಿದೆ.

ಎರಡನೆಯ ಇಬ್ರಾಹಿಂ ಆದಿಲಶಾಹನು (1580–1627) ‘ಕಿತಾಬ್-ಎ-ನವರಸ’ದಲ್ಲಿ ಸರಸ್ವತಿಯನ್ನು ಸ್ತುತಿಸಿದನು, ಮೋತಿಖಾನ್ ಎಂಬ ತನ್ನ ತಂಬೂರಿಯನ್ನು ಒಬ್ಬ ಗೆಳೆಯನಂತೆ ಕೊಂಡಾಡಿದನು. ತೊರವಿಯ ಬಳಿ ಅವನು ಕಟ್ಟಿಸಿದ ನವರಸಪುರವು ಪಾಳುಬಿದ್ದಿದೆ. ಆದರೆ ಪರರ ದೇವತೆಗೂ ತನ್ನ ಹಾಡಿನಲ್ಲಿ ಮಣೆ ಹಾಕಿದ ಆ ಮನಸ್ಸು ಪಾಳುಬೀಳಬೇಕಾದುದಲ್ಲ. ಭಜನೆಯೇ ಇರಲಿ, ಡಿಸ್ಕೋದ ಹಾಡೇ ಇರಲಿ, ಒರೆಗಲ್ಲು ಒಂದೇ: ಹಾಡು ಮುಗಿದು ಮನೆಗೆ ಮರಳುವಾಗ ನಾಳಿನ ನೊಗಕ್ಕೆ ಹೆಗಲು ಗಟ್ಟಿಯಾಗಿರಬೇಕು, ಎದುರು ಬಂದವನನ್ನು ‘ಬಾರಪ್ಪಾ’ ಎನ್ನುವಷ್ಟು ಎದೆ ಅಗಲವಾಗಿರಬೇಕು. ಅಂಥ ಪ್ರೇಯಸ್ಸು ಶ್ರೇಯಸ್ಸಿನ ಹಗೆಯಲ್ಲ. ಅದರ ಮನೆಯ ಹೊಸ್ತಿಲೇ ಆಗಿರುವದು.