ಊರಿನ ಹೆಸರು ತೆಗೆದು ಓದಿದರೆ

ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಸಣ್ಣ ಗ್ರಂಥದಲ್ಲಿ ಒಂದು ಪರೀಕ್ಷೆ ಇದೆ. ನೀನು ಯಾವ ನಿಯಮದಂತೆ ನಡೆಯುತ್ತೀಯೋ ಅದನ್ನು ಎಲ್ಲರೂ ಪಾಲಿಸಲಿ ಎಂದು ನೀನೇ ಬಯಸಬಲ್ಲೆಯಾ? ಇಲ್ಲವಾದರೆ ಅದು ಕರ್ತವ್ಯವಲ್ಲ, ಬರೀ ನಿನ್ನ ಅನುಕೂಲ. ನಮ್ಮ ಸಾಫ್ಟ್‌ವೇರ್ ಮಂದಿಯ ಭಾಷೆಯಲ್ಲಿ ಹೇಳುವುದಾದರೆ, ನಿಯಮದೊಳಗೆ ನಿನ್ನ ಹೆಸರನ್ನು ಹಾರ್ಡ್‌ಕೋಡ್ ಮಾಡಬೇಡ.

ಮುಂಬಯಿ ಕನ್ನಡಿಗರಿಗೆ ಇದು ಪುಸ್ತಕದ ಮಾತಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ್ದೇ ಇಲ್ಲಿನ ನೌಕರಿ ಇಲ್ಲಿನವರಿಗೆ ಎಂಬ ಬೇಡಿಕೆಯೊಂದಿಗೆ. ಆ ವರ್ಷಗಳಲ್ಲಿ ಉಡುಪಿ ಹೋಟೆಲುಗಳ ಮೇಲೆ ದಾಳಿಗಳಾದವು. ಕುಂದಾಪುರದವನೂ ತಂಜಾವೂರಿನವನೂ ಒಂದೇ 'ಮದ್ರಾಸಿ'. ಅದನ್ನು ನೆನೆಯುವಾಗ ನಮ್ಮ ಹಿರಿಯರ ದನಿ ಈಗಲೂ ಏರುತ್ತದೆ: ನಮ್ಮದೇ ದೇಶದಲ್ಲಿ ದುಡಿದು ತಿನ್ನುವುದಕ್ಕೂ ಹಕ್ಕಿಲ್ಲವೇ?

2024ರ ಜುಲೈನಲ್ಲಿ ಕರ್ನಾಟಕದ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ. ಉದ್ಯಮಗಳ ವಿರೋಧ ಬಂದ ಕೂಡಲೇ ಅದನ್ನು ತಡೆಹಿಡಿಯಲಾಯಿತು. ಅಷ್ಟರೊಳಗೆ ನಾನಿರುವ ಮುಂಬಯಿಯ ವಾಟ್ಸಾಪ್ ಗುಂಪಿನಲ್ಲಿ ಹಬ್ಬವೇ ನಡೆದಿತ್ತು. 'ಕರ್ನಾಟಕ' ಇರುವಲ್ಲಿ 'ಮಹಾರಾಷ್ಟ್ರ' ಎಂದು ಹಾಕಿ ಒಮ್ಮೆ ಓದಿ ಎಂದೆ. "ಅದು ಬೇರೆ, ಇದು ಬೇರೆ ಮಾರಾಯ್ರೆ" ಎಂದು ಉತ್ತರ ಬಂತು.

ಬೇರೆ ಇರಲೂಬಹುದು. ಬೆಂಗಳೂರಿನಲ್ಲಿ ಕನ್ನಡದ ಮೇಲಿರುವ ಒತ್ತಡ ಸುಳ್ಳಲ್ಲ. ಹಾಗಾದರೆ ಆ ವ್ಯತ್ಯಾಸವನ್ನೇ ನಿಯಮವಾಗಿ ಬರೆಯೋಣ: ಸ್ಥಳೀಯ ಭಾಷೆ ಮೂಲೆಗೆ ಸರಿಯುತ್ತಿರುವ ಯಾವುದೇ ನಗರದಲ್ಲಿ ನೌಕರಿ ಮೊದಲು ಸ್ಥಳೀಯರಿಗೆ. ಬರೆದು ಮುಗಿಸುವುದರೊಳಗೆ ದಾದರಿನ ಮರಾಠಿಗ "ನಾವೂ ಅದನ್ನೇ ಹೇಳಿದ್ದು" ಎನ್ನುತ್ತಾನೆ.

ದುಡಿಯುವ ಊರಿನ ಭಾಷೆ ಕಲಿಯಬೇಕು ಎಂಬ ನಿಯಮ ಮಾತ್ರ ಪರೀಕ್ಷೆಯಲ್ಲಿ ಪಾಸಾಗುತ್ತದೆ, ನನ್ನ ಮಟ್ಟಿಗೆ. ಆದರೆ ಅದನ್ನು ಬೆಂಗಳೂರಿನ ಹಿಂದಿಯವರಿಗೆ ಹೇಳುವ ನಾವು ಇಲ್ಲಿ ತರಕಾರಿಯವಳೊಂದಿಗೆ ಹಿಂದಿಯಲ್ಲೇ ಚೌಕಾಸಿ ಮಾಡುತ್ತೇವೆ. ಇದೇ ಮುಂಬಯಿ ಮಹಾನಗರಪಾಲಿಕೆ ನಮ್ಮವರ ಮಕ್ಕಳಿಗೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿದೆ. ಬೆಂಗಳೂರಿನಲ್ಲಿ ಗಾರೆ ಕೆಲಸದ ಒಡಿಶಾದವರ ಮಕ್ಕಳಿಗೆ ಒಡಿಯಾ ಶಾಲೆ ತೆರೆಯೋಣ ಎಂದರೆ ಗುಂಪು ಏನನ್ನುತ್ತದೋ!

ಕಾಂಟನ ಪರೀಕ್ಷೆ ದಾಟುವವರೂ ಇದ್ದಾರೆ. ಕಲ್ಯಾಣದ ಗೆಳೆಯನೊಬ್ಬ ಖಡಾಖಂಡಿತವಾಗಿ ಹೇಳಿದ: "ನಿಯಮ ಅಂದ್ರ ನಿಯಮ. ನನ್ನನ್ನೂ ವಾಪಸ್ ಕಳಸ್ಲಿ, ಹೋಗ್ತೀನಿ." ಅವನಲ್ಲಿ ಇಬ್ಬಂದಿತನವಿಲ್ಲ. ಹಾಗೆಂದು ಅವನ ನಿಯಮ ನ್ಯಾಯವಾಯಿತೇ? ಮನುಷ್ಯನನ್ನು ಬರೀ ಸಾಧನವಾಗಿ ಬಳಸಬೇಡ ಎಂದೂ ಕಾಂಟ್ ಅದೇ ಗ್ರಂಥದಲ್ಲಿ ಹೇಳಿದ್ದು ಇಂಥವರಿಗೂ ಬೇಕಾಗುತ್ತದೆ. ತನ್ನ ಬದುಕನ್ನು ಪಣಕ್ಕಿಡುವ ಹಕ್ಕು ಗೆಳೆಯನಿಗಿದೆ, ಉಳಿದವರದ್ದನ್ನಲ್ಲ. ಅವನ ಇಬ್ಬರು ಮಕ್ಕಳೂ ಹುಟ್ಟಿದ್ದು ಕಲ್ಯಾಣದಲ್ಲೇ. ಆ ಮಸೂದೆಯ ಪ್ರಕಾರ ಸ್ಥಳೀಯ ಎನಿಸಿಕೊಳ್ಳಲು ಕರ್ನಾಟಕದಲ್ಲೇ ಹುಟ್ಟಿರಬೇಕಿತ್ತು, 15 ವರ್ಷ ಅಲ್ಲಿ ವಾಸಿಸಿರಬೇಕಿತ್ತು. ಅವರನ್ನು ಎಲ್ಲಿಗೆ ವಾಪಸ್ ಕಳಿಸುವುದು ಎಂದು ಕೇಳಿದೆ. ಗೆಳೆಯ ಇನ್ನೂ ಲೆಕ್ಕ ಹಾಕುತ್ತಿದ್ದಾನೆ.