ಚಿತ್ರಗಳನ್ನೆಲ್ಲ ಹರಾಜಿಗಿಟ್ಟವನು

ಕೆಲಸಕ್ಕೆ ರಾಜೀನಾಮೆ ಬಿಸಾಕಿ ಕಲೆಯ ಹಿಂದೆ ಹೋದವರ ಕತೆ ನಮಗೆಲ್ಲ ಇಷ್ಟ. ಕಲೆಯನ್ನೇ ಬಿಟ್ಟವನನ್ನು ಮಾತ್ರ ಯಾರೂ ಸುಲಭಕ್ಕೆ ಕ್ಷಮಿಸಲ್ಲ. "ಅಷ್ಟು ಚೆನ್ನಾಗಿ ಹಾಡ್ತಿದ್ದೆ, ಬಿಟ್ಟೇಬಿಟ್ಯಲ್ಲೋ!" ಅಂತ ಮದುವೆಮನೆಯಲ್ಲಿ ಅತ್ತೆಯೊಬ್ಬರು ಕೇಳೋದು ಪ್ರಶ್ನೆಯಲ್ಲ, ಆರೋಪ. ಒಂದು ವಿದ್ಯೆ ಕೈಗೆ ಹತ್ತಿದ ಮಾತ್ರಕ್ಕೆ ಅದಕ್ಕೆ ಜೀವನಪೂರ್ತಿ ಸಾಲಗಾರರಾಗಿರಬೇಕಾ?

ಈ ಪ್ರಶ್ನೆ ಬಂದಾಗೆಲ್ಲ ನನಗೆ ಜರ್ಮನಿಯ ಓಟೋ ಎಕ್‌ಮನ್ ನೆನಪಾಗ್ತಾನೆ. 1865ರಲ್ಲಿ ಹ್ಯಾಂಬರ್ಗಿನಲ್ಲಿ ಹುಟ್ಟಿದವನು, ಮ್ಯೂನಿಕ್ಕಿನ ಅಕಾಡೆಮಿಯಲ್ಲಿ ಕಲಿತು ನಿಸರ್ಗದೃಶ್ಯಗಳ ಚಿತ್ರಕಾರನಾದ. 1894ರಲ್ಲಿ, ಇನ್ನೂ ಮೂವತ್ತು ತುಂಬಿರಲಿಲ್ಲ, ತನ್ನ ಚಿತ್ರಗಳನ್ನೆಲ್ಲ ಹರಾಜಿಗಿಟ್ಟುಬಿಟ್ಟ. ಆಮೇಲೆ ಮಾಡಿದ್ದು ವಾಲ್‌ಪೇಪರು, ನೆಲಹಾಸು, ಲೋಹದ ಸಾಮಾನು, ಪತ್ರಿಕೆಗಳ ಪುಟದಂಚಿನ ಹೂಬಳ್ಳಿ. 1897ರಿಂದ ಬರ್ಲಿನ್ನಿನ ಕರಕುಶಲ ಕಲೆಗಳ ಮ್ಯೂಸಿಯಮ್ಮಿಗೆ ಸೇರಿದ ಶಾಲೆಯಲ್ಲಿ ಅಲಂಕಾರಿಕ ಚಿತ್ರಕಲೆಯ ಮೇಷ್ಟ್ರು.

ಇದನ್ನು ಸಮರ್ಥಿಸೋಕೆ ಒಂದು ರೆಡಿಮೇಡ್ ವಾದ ಇದೆ: ತೈಲಚಿತ್ರ ಒಬ್ಬ ಶ್ರೀಮಂತನ ಗೋಡೆಗೆ, ಬಳಕೆಯ ವಸ್ತು ಎಲ್ಲರಿಗೆ. ನಾನದನ್ನು ಪೂರ್ತಿ ನಂಬಲ್ಲ. ಕೈಮಗ್ಗದಲ್ಲಿ ನೇಯ್ದ ಚಿತ್ರಪಟವನ್ನು ಕೂಲಿಯವನೇನೂ ಕೊಳ್ಳುತ್ತಿರಲಿಲ್ಲ.

ಆದರೆ ಅಂಥದ್ದೇ ಒಂದು ಪಟವನ್ನು ನೋಡಿ. 'ಐದು ಹಂಸಗಳು' ಅಂತ, ಗೋಡೆಗೆ ತೂಗುಹಾಕುವ ಉದ್ದನೆಯ ನೇಯ್ಗೆ. ಮರಗಳ ನಡುವೆ ಬಳುಕುವ ತೊರೆ, ಅದರಲ್ಲಿ ಸಾಲಾಗಿ ಬಿಳಿ ಹಂಸಗಳು. ನಿಸರ್ಗದೃಶ್ಯವೇ ಅಲ್ವಾ ಅದು? ಕುಂಚ ಹಿಡಿದು ಕಲಿತ ಕಣ್ಣು ಎಲ್ಲಿಗೂ ಹೋಗಿರಲಿಲ್ಲ. ಅವನು ಬಿಟ್ಟದ್ದು ಚೌಕಟ್ಟನ್ನು, ಅದರ ಜೊತೆ ಬರುವ 'ಕಲಾವಿದ' ಅನ್ನೋ ಕುರ್ಚಿಯನ್ನು. ಹಾಗಾಗಿ ವಿದ್ಯೆಗೆ ಸಾಲ ಅಂತ ಇದ್ದರೆ, ಅದನ್ನು ಯಾವ ನಾಣ್ಯದಲ್ಲಿ ತೀರಿಸಬೇಕು ಅನ್ನೋದು ಸಾಲಗಾರನಿಗೇ ಬಿಟ್ಟದ್ದು ಅಂತ ನನಗನ್ನಿಸುತ್ತೆ.

ಅತಿ ಕಷ್ಟದ ಕಂತು ಅಕ್ಷರದ್ದಿರಬೇಕು. 1900ರಲ್ಲಿ ಆಫನ್‌ಬಾಖ್‌ನ ಅಚ್ಚುಮೊಳೆ ಕಾರ್ಖಾನೆಗೆ ಒಂದು ಅಕ್ಷರಮಾಲೆ ಬರೆದುಕೊಟ್ಟ. ಓದುವವನು ಅಕ್ಷರವನ್ನು ಮರೆತು ಮಾತನ್ನು ಹಿಡಿಯಬೇಕು. ಅಂದರೆ ಮಾಡಿದವನು ಪಕ್ಕಕ್ಕೆ ಸರಿಯಬೇಕು. ಎಕ್‌ಮನ್ ಪೂರ್ತಿ ಸರಿಯಲಿಲ್ಲ ಅನ್ನಿ! ಒಂದೊಂದು ಅಕ್ಷರವೂ ಕುಂಚದಲ್ಲಿ ಎಳೆದ ಹಾಗೇ ದಪ್ಪಗೆ ಬಾಗಿ ಹರಿಯುತ್ತೆ, ದೂರದಿಂದಲೇ ಗುರುತು ಸಿಗುತ್ತೆ. ಇವತ್ತಿಗೂ ಅದು ಕಂಪ್ಯೂಟರ್ ಫಾಂಟಾಗಿ ಅವನ ಹೆಸರಲ್ಲೇ ಸಿಗುತ್ತೆ.

1902ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ 36. ಹರಾಜಾಗಿ ಎಂಟೇ ವರ್ಷ.